ರಸ್ತೆ ಎಳೆಯುವ ಗಾಡಿ

ಶಿರಹಟ್ಟಿಯ ಹತ್ತಿ ವ್ಯಾಪಾರಿ ಹುಚ್ಚೀರಪ್ಪ ಸಾಹುಕಾರರು ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ ಬೀಗರ ಕಾರಿನ ಅಗಲ ಗಾಲಿ ನೋಡಿ ಬಂದದ್ದೇ ಎಲ್ಲಕ್ಕೂ ಮೂಲ. ಉಂಡ ಊಟ ಮರೆತರು, ಗಾಲಿ ಮರೆಯಲಿಲ್ಲ. ಬೆಟಗೇರಿಯ ಟಯರ್ ಅಂಗಡಿಯ ರಫೀಕನನ್ನು ಮನೆಗೇ ಕರೆಸಿ, ತಮ್ಮ ಕಾರಿನ ಹದಿನಾಲ್ಕು ಇಂಚಿನ ರಿಮ್ಮು ಬಿಚ್ಚಿಸಿ ಹದಿನೇಳರದು ಹಾಕಿಸಿದರು. ರಿಮ್ಮು ಊಟದ ಹರಿವಾಣದಂತೆ ಹೊಳೆಯುತ್ತಿತ್ತು. ಅದರ ಸುತ್ತ ಟಯರಿನ ರಬ್ಬರು ಬಳೆಯಷ್ಟು ತೆಳ್ಳಗೆ, ನೆಲಕ್ಕೆ ಊರುವ ಕಡೆ ಮಾತ್ರ ಬಲು ಅಗಲ. ಹಳೆಯ ಗಾಲಿಗಳನ್ನು ರಫೀಕ ತನ್ನ ಅಂಗಡಿಗೆ ಒಯ್ದ. ಗಾಡಿಗೆ ಗತ್ತು ಬಂತು, ಅದನ್ನು ಓಡಿಸುವ ಹುಲಗಪ್ಪನಿಗೆ ಗ್ರಹಚಾರ ಬಂತು.

ಹುಲಗಪ್ಪ ಒಂದು ಕಾಲಕ್ಕೆ ಕುಡುಕ. ಅಮಲಿನಲ್ಲಿ ಟಂಟಂ ರಿಕ್ಷಾ ಉರುಳಿಸಿ, ಪಕ್ಕದಲ್ಲಿ ಕೂತಿದ್ದ ಹೆಂಡತಿಯ ತಮ್ಮ ಫಕ್ಕೀರಪ್ಪನ ಒಂದು ಕಾಲು ಕಳೆದಿದ್ದ. ಆ ದಿನ ಜನ ಅವನನ್ನು ಹೊರಗೆಳೆದಾಗ ಅವನು ಅಂದಿದ್ದು ಇಷ್ಟೇ: "ನಂದೇನ ತಪ್ಪಿಲ್ಲ, ರಸ್ತಿ ಎಳೀತು." ಹೆಂಡತಿಯ ತವರೂರು ಮುಳಗುಂದದ ಜನ ಆ ಮಾತನ್ನು ಇವತ್ತಿಗೂ ಆಡಿಕೊಂಡು ನಗುತ್ತಾರೆ. ಆಮೇಲೆ ಮಠದ ಗದ್ದುಗೆ ಮುಟ್ಟಿ ಆಣೆ ಮಾಡಿದವನು ಹನಿ ಮುಟ್ಟಿಲ್ಲ. ಬಾಯಿ ಕೇಳಿದಾಗಲೆಲ್ಲ ಯಾಲಕ್ಕಿ ಜಗಿಯುತ್ತಾನೆ. ಹೆಂಡತಿ ದುರ್ಗಾ ಮಾತ್ರ ಒಂದು ಮಾತು ಹೇಳಿಟ್ಟಿದ್ದಳು. ಇನ್ನೊಮ್ಮೆ ಕುಡಿದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ, ಹೆಣ ನೋಡಲಿಕ್ಕೂ ಬರುವುದಿಲ್ಲ ಎಂದು. ಹುಲಗಪ್ಪ ಆ ಹೆದರಿಕೆಯಲ್ಲೇ ಬದುಕುತ್ತಿದ್ದ.

ಗಾಲಿ ಬದಲಾದ ಮರುದಿನ ಮುಂಜಾನೆ ಸಾಹುಕಾರರ ಹೆಂಡತಿ ಸುಮಿತ್ರವ್ವನವರನ್ನು ಗದಗಿನ ಕಣ್ಣಿನ ದವಾಖಾನೆಗೆ ಕರೆದೊಯ್ಯಬೇಕಿತ್ತು. ಊರು ದಾಟುತ್ತಲೇ ಸ್ಟೇರಿಂಗಿಗೆ ದೆವ್ವ ಬಡಿಯಿತು. ಭಾರದ ಲಾರಿಗಳು ಓಡಾಡಿ ಆ ಡಾಂಬರಿನಲ್ಲಿ ಉದ್ದಕ್ಕೂ ತಗ್ಗಾದ ಜಾಡು ಬಿದ್ದಿದೆ. ಹಳೆಯ ಸಣ್ಣ ಟಯರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಈ ಅಗಲದ್ದು ಜಾಡಿನ ಅಂಚು ಸಿಕ್ಕರೆ ಸಾಕು, ಅದನ್ನೇ ಹಿಡಿದು ಅತ್ತ ಹೊರಳುತ್ತಿತ್ತು. ಎಡಕ್ಕೆ ಎಳೆದದ್ದನ್ನು ಬಲಕ್ಕೆ ತಿರುಗಿಸುವಷ್ಟರಲ್ಲಿ ಇನ್ನೊಂದು ಜಾಡು ಬಲಕ್ಕೇ ಎಳೆಯುತ್ತಿತ್ತು.

"ಹುಲಗಪ್ಪ, ಗಾಡಿ ಯಾಕೋ ಹಿಂಗ ಹೊಯ್ದಾಡ್ತೈತಿ?" ಎಂದು ಹಿಂದಿನಿಂದ ಸುಮಿತ್ರವ್ವ ಕೇಳಿದರು.

"ರಸ್ತಿ ಎಳೀತೈತ್ರೀ, ಅವ್ವಾರ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಸುಮಿತ್ರವ್ವ ಮುಂದೆ ಬಾಗಿ ಮೂಗು ಅರಳಿಸಿದರು, ಯಾಲಕ್ಕಿ ವಾಸನೆ ಹಿಡಿದರು, ಹೆಂಡದ ವಾಸನೆ ಮುಚ್ಚಲು ಹಾಕಿದ್ದೆಂದುಕೊಂಡು ಸದ್ದಿಲ್ಲದೆ ಫೋನು ತೆಗೆದು ಮನೆಗೆ ಸುದ್ದಿ ಮುಟ್ಟಿಸಿದರು. ಗಾಬರಿಗೆ ಅವನು ಸ್ಟೇರಿಂಗು ಜಗ್ಗಿದ, ಗಾಡಿ ಇನ್ನಷ್ಟು ಹೊಯ್ದಾಡಿತು.

ಮುಳಗುಂದ ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಫಕ್ಕೀರಪ್ಪನ ಪಾನಪಟ್ಟಿ ಅಂಗಡಿ. ಜಗತ್ತಿನಲ್ಲಿ ಇಷ್ಟೆಲ್ಲ ಅಂಗಡಿಗಳಿರುವಾಗ ಗಾಲಿ ಆ ಅಂಗಡಿಯ ಕಡೆಗೇ ಎಳೆಯಬೇಕೇ? ಒಂದು ಗೇಣು ಉಳಿದಾಗ ಬ್ರೇಕು ಹಿಡಿಯಿತು. ಫಕ್ಕೀರಪ್ಪನ ಊರುಗೋಲು ಜಾರಿ ಬಿತ್ತು. ಹುಲಗಪ್ಪ ಇಳಿದು, ಅದನ್ನು ಎತ್ತಿ ಕೊಟ್ಟ. ಫಕ್ಕೀರಪ್ಪ ಕೋಲು ಈಸಿಕೊಳ್ಳುವ ನೆವದಲ್ಲಿ ಅವನ ಬಾಯಿ ಮೂಸಿ, ತಿರುಗಿ ಅಡಿಕೆ ಕತ್ತರಿಸಲು ಕೂತ. ಬೈದಿದ್ದರೆ ಹುಲಗಪ್ಪನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗದಗ ಮುಟ್ಟುವಷ್ಟರಲ್ಲಿ ದುರ್ಗಾಳ ಫೋನು ಬಂತು. "ಖರೆ ಹೇಳ್ರಿ. ಕುಡದೀರೇನು?"

"ಇಲ್ಲ, ದುರ್ಗಾ. ಗಾಲಿ ಅಗಲ ಆಗ್ಯಾವ, ರಸ್ತಿ..." ಅನ್ನುವಷ್ಟರಲ್ಲಿ ಫೋನು ಕಟ್ಟಾಯಿತು.

ಸುಮಿತ್ರವ್ವನವರನ್ನು ದವಾಖಾನೆಗೆ ಬಿಟ್ಟು ಅವನು ನೇರ ಬೆಟಗೇರಿಗೆ ಓಡಿದ. ರಫೀಕ ನಗಲಿಲ್ಲ. ಅಗಲ ಟಯರು ಜಾಡು ಹಿಡಿಯುವುದು ತನಗೂ ಗೊತ್ತು ಎಂದ. ಆದರೆ ಸಾಹುಕಾರರಿಗೆ ಹೇಳು ಅಂದಾಗ ಕೈ ಮುಗಿದ. ತಾನು ಮಾರಿದ ಮಾಲಿಗೆ ತಾನೇ ಕುಂದು ಹೇಳಿದರೆ ನಾಳೆ ಅಂಗಡಿಗೆ ಯಾರು ಬರುತ್ತಾರೆ? ಕಡೆಗೆ ಕನಿಕರಪಟ್ಟು ಒಂದು ದಾರಿ ತೋರಿಸಿದ. "ಹಳೇ ಗಾಲಿ ಇಲ್ಲೇ ಅದಾವು. ಹಾಕಿ ಕೊಡ್ತೀನಿ. ನೆಟ್ಟಗ ಓಡಿಸಿ ತೋರಸು. ಬಾಯಿಲೆ ಹೇಳಿದ್ದು ನಂಬಲಿಲ್ಲಂದ್ರ ಕಣ್ಣಿಲೆ ನೋಡಿದ್ದು ನಂಬ್ತಾರ."

ಹುಲಗಪ್ಪನಿಗೆ ಅದು ದೇವರ ಮಾತಿನಂತೆ ಕೇಳಿತು. ಹೊಸ ಗಾಲಿಗಳನ್ನು ಅಲ್ಲೇ ಬಿಟ್ಟು ಹೊರಟ.

ಮರಳಿ ಬರುವಾಗ ಅದೇ ರಸ್ತೆಯಲ್ಲಿ ಗಾಡಿ ಮಗ್ಗದ ಮೇಲಿನ ನೂಲಿನಂತೆ ನೆಟ್ಟಗೆ ಓಡಿತು. ಕಣ್ಣಿಗೆ ಔಷಧಿ ಹಾಕಿಸಿಕೊಂಡಿದ್ದ ಸುಮಿತ್ರವ್ವನಿಗೆ ಗಾಲಿಯೂ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ. ಸಾಕ್ಷಿ ಬೇಕಲ್ಲ? ಮುಳಗುಂದದಲ್ಲಿ ಫಕ್ಕೀರಪ್ಪನನ್ನು ಕೈಹಿಡಿದು ಕರೆತಂದು ಗಾಲಿ ತೋರಿಸಿದ. "ಮುಂಜಾನಿನೂ ದುಂಡಗ ಇದ್ದವು" ಎಂದ ಫಕ್ಕೀರಪ್ಪ. ಆದರೂ ಅಕ್ಕನ ಚಿಂತೆಗೆ ಗಾಡಿ ಹತ್ತಿದ.

ಶಿರಹಟ್ಟಿಯಲ್ಲಿ ಸಾಹುಕಾರರ ಮನೆಯ ಮುಂದೆ ಓಣಿಯೇ ನೆರೆದಿತ್ತು. ದುರ್ಗಾ ಚೀಲ ಹಿಡಿದು, ಮಗಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದಳು. ಹುಲಗಪ್ಪ ಗೆದ್ದವನಂತೆ ಇಳಿದು, ಎಲ್ಲರಿಗೂ ಹಳೆಯ ಗಾಲಿ ತೋರಿಸಿ, ತಪ್ಪು ತನ್ನದಲ್ಲ, ಅಗಲ ಟಯರಿನದು ಎಂದು ಸಾರಿದ.

ಸಾಹುಕಾರರು ಗಾಲಿಗಳ ಸುತ್ತ ಒಮ್ಮೆ ತಿರುಗಿ ಬಂದರು. ಅವರ ಮುಖ ಕಪ್ಪಿಟ್ಟಿತು. "ನನ್ನ ಕೇಳದ ನನ್ನ ಗಾಲಿ ಬಿಚ್ಚಿ ಬಂದಿ. ಎಚ್ಚರ ಇದ್ದವ ಯಾವನರ ಹಿಂತಾ ಕೆಲಸ ಮಾಡ್ತಾನೇನಲೇ?" ಎಂದು ಕೀಲಿಕೈ ಕಸಿದುಕೊಂಡರು.

ದುರ್ಗಾ ಅವರ ಕಡೆ ನೋಡಲಿಲ್ಲ. ತಮ್ಮನನ್ನು ಕೇಳಿದಳು. ಹುಲಗಪ್ಪನ ಜೀವವೆಲ್ಲ ಫಕ್ಕೀರಪ್ಪನ ತುಟಿಯ ಮೇಲೆ ಕೂತಿತು.

"ಸುಳ್ಳ ಯಾಕ ಹೇಳ್ಲಿ, ಅಕ್ಕಾ" ಎಂದ ಫಕ್ಕೀರಪ್ಪ, ನ್ಯಾಯವಂತನಾಗಿ. "ಮುಳಗುಂದದಿಂದ ಇಲ್ಲಿತನಾ ಗಾಡಿ ಒಂದ ಗೇಣ ಅತ್ತಿತ್ತ ಹೋಗಲಿಲ್ಲ. ಮುಂಜಾನಿ ಕುಡದದ್ದು ಪೂರಾ ಇಳದೈತಿ."

ದುರ್ಗಾ ಮಗಳ ಕೈ ಹಿಡಿದು ಬಸ್ಸಿಗೆ ನಡೆದಳು.

ಸಾಹುಕಾರರು ಅಗಲ ಗಾಲಿಗಳನ್ನು ಮತ್ತೆ ಹಾಕಿಸಿದರು. ಬೇರೆ ಡ್ರೈವರ್ ಸಿಗುವ ತನಕ ತಾವೇ ಓಡಿಸತೊಡಗಿದರು. ಅತ್ತ ದುರ್ಗಾಳ ಸಿಟ್ಟು ಕರಗಿತ್ತು. ಒಂದು ದಿನ ಮಗಳೊಂದಿಗೆ ತಮ್ಮನ ಅಂಗಡಿಯ ಮುಂದೆ ಗಂಡನ ಮನೆಗೆ ಮರಳಲು ಶಿರಹಟ್ಟಿ ಬಸ್ಸು ಕಾಯುತ್ತಿದ್ದಾಗ ಅದೇ ಕಾರು ಅದೇ ತಿರುವಿನಲ್ಲಿ ಹೊಯ್ದಾಡುತ್ತ ಬಂದು ಅಂಗಡಿಗೆ ಒಂದು ಗೇಣು ಉಳಿದಾಗ ನಿಂತಿತು. ಊರುಗೋಲು ಮತ್ತೆ ಬಿತ್ತು. ಬೆವೆತ ಸಾಹುಕಾರರು ಕಿಟಕಿಯಿಂದ ತಲೆ ಹಾಕಿ, "ರಸ್ತಿ ಎಳೀತಪಾ" ಎಂದು ಮುಂದೆ ಹೋದರು.

ಫಕ್ಕೀರಪ್ಪ ಕಾರು ಮರೆಯಾಗುವ ತನಕ ನೋಡಿ, ಅಕ್ಕನ ಕಡೆ ತಿರುಗಿದ.

"ನೋಡಿದೇನು? ಮಾವನ ಸಹವಾಸಕ್ಕ ಸಾಹುಕಾರ್ರೂ ಕುಡ್ಯಾಕ ಹತ್ಯಾರ."

ಶಿರಹಟ್ಟಿ ಬಸ್ಸು ಬಂತು, ನಿಂತಿತು, ಹೋಯಿತು. ದುರ್ಗಾ ಚೀಲ ಎತ್ತಿಕೊಂಡು, ಮಗಳ ಕೈ ಹಿಡಿದು ತವರುಮನೆಯ ಓಣಿಗೆ ತಿರುಗಿದಳು.