ಟಿ.ವಿ.ಗೆ ಬೆನ್ನು ಹಾಕಿದ ಮಾವ

ನಮ್ಮ ಸೋದರಮಾವನಂಥ ಕ್ರಿಕೆಟ್ ಹುಚ್ಚರು ಇಡೀ ಚನ್ನಗಿರಿ ತಾಲ್ಲೂಕಿನಲ್ಲಿ ಸಿಗಲಿಕ್ಕಿಲ್ಲ. ಆದರೆ ತಮ್ಮ ನೆಚ್ಚಿನ ಬ್ಯಾಟ್ಸ್‌ಮನ್ ಆಡುವುದನ್ನು ಅವರು ಕಣ್ಣಾರೆ ನೋಡಿದ್ದು ಒಂದೇ ಒಂದು ಚೆಂಡು! ಆ ಹುಡುಗ ತಂಡಕ್ಕೆ ಹೊಸದಾಗಿ ಬಂದಿದ್ದ ಕಾಲ. ಮಾವ ಬಸವಾಪಟ್ಟಣದ ತಮ್ಮ ಪಾತ್ರೆ ಅಂಗಡಿಗೆ ಬೀಗ ಹಾಕಿ ಓಡಿ ಬಂದು ಟಿ.ವಿ. ಮುಂದೆ ಕೂತರು, ಸ್ಟಂಪು ಹಾರಿತು. ತಮ್ಮ ಕಣ್ಣೇ ತಾಗಿತೆಂದು ಅಂದೇ ತೀರ್ಮಾನಿಸಿದರು. ಅಂದಿನಿಂದ ಅವನು ಕ್ರೀಸಿಗೆ ಬಂದರೆ ಮಾವ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡುತ್ತಾರೆ. ಟಿ.ವಿ. ಸದ್ದೂ ಬಂದ್. ಆಟ ನೋಡಿ ಹೇಳುವ ಕೆಲಸ ಅತ್ತೆಯದು.

ಅತ್ತೆಗೆ ಆಗ ಕ್ರಿಕೆಟ್ಟಿನ ಗಂಧಗಾಳಿ ಗೊತ್ತಿರಲಿಲ್ಲ. "ಎತ್ತಿ ಹೊಡೆದ್ನಪ್ಪಾ" ಎನ್ನುತ್ತಿದ್ದರು. ಅಷ್ಟಕ್ಕೇ ಮಾವ ಗೋಡೆ ನೋಡುತ್ತಲೇ ಕೂಗುತ್ತಿದ್ದರು.

"ಹೊಡ್ಯಾಕೆ ಯಾಕ್ ಹೋಗ್ತಾನೆ? ಕ್ಯಾಚ್ ಹೋದ್ರೆ ಹೆಂಗೆ?"

ಹುಡುಗನೂ ಹಾಗೆಯೇ ಇದ್ದ. ಬಂದದ್ದನ್ನೆಲ್ಲ ಬಾರಿಸಿ, ಮೂವತ್ತೋ ನಲವತ್ತೋ ಗಳಿಸಿ ಹೊರಡುತ್ತಿದ್ದ. ಬರಬರುತ್ತ ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡಲು ಕಲಿತ, ಒಂದೊಂದೇ ರನ್ ಕದ್ದ, ಶತಕದ ಮೇಲೆ ಶತಕ ಬಂತು. ಮಾವನಿಗೆ ನೆಮ್ಮದಿ ಸಿಕ್ಕಿತೇ? ಎಲ್ಲಿಂದ! ಮೊದಲು ಅವನು ಹೊಡೆದರೆ ಹೆದರುತ್ತಿದ್ದವರು ಈಗ ಹೊಡೆಯದಿದ್ದರೆ ಹೆದರತೊಡಗಿದರು.

ಹೊನ್ನಾಳಿಯಲ್ಲಿ ಮಗಳ ನಿಶ್ಚಿತಾರ್ಥದ ದಿನ ಬೀಗರು ಟಿ.ವಿ. ಹಾಕಿದ್ದರು. ಊಟಕ್ಕೆ ಎಲೆ ಹಾಕಿದ ಹೊತ್ತಿಗೆ ನೋಡಿದರೆ ಮಾವ ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ! ಮುನಿಸಿಕೊಂಡರೇನೋ ಎಂದು ಬೀಗರು ಗಾಬರಿಯಿಂದ ಕೈಮುಗಿದರು.

"ನಮ್ಮಿಂದ ಏನ್ ತಪ್ಪಾತು, ಹೇಳ್ರಿ."

"ತೊಂಬತ್ತೆಂಟರಾಗೆ ಐದಾನ್ರಿ. ಸ್ವಲ್ಪ ಸುಮ್ನಿರ್ರಿ."

ಆಮೇಲೆ ಬಹಳ ಕಾಲ ಶತಕವೇ ಬರಲಿಲ್ಲ. ಮಾವ ಊಟ ಬಿಟ್ಟು ಕಾರಣ ಹುಡುಕಿದರು. ಗೋಡೆ ಬದಿಯ ಬೀರುವಿನ ಕನ್ನಡಿಯಲ್ಲಿ ಟಿ.ವಿ. ಕಾಣುತ್ತಿತ್ತಂತೆ! ಕನ್ನಡಿಗೆ ದುಪ್ಪಟಿ ಹೊದಿಸಿದರು. ಅಷ್ಟರಲ್ಲಿ ಅತ್ತೆಯೇ ಪಂಡಿತರಾಗಿದ್ದರು.

"ಕನ್ನಡೀದಲ್ಲ ರೀ ತಪ್ಪು. ಅವನಿಗೆ ವಯಸ್ಸಾತು, ಕಾಲು ಮೊದಲಿನಂಗೆ ಮುಂದಕ್ಕೆ ಬರ್ತಿಲ್ಲ. ಚೆಂಡು ಹತ್ರ ಬರಾಕೆ ಬಿಟ್ಟು ಆಡಿದ್ರೆ ಸರಿ ಹೋಗ್ತೈತೆ."

ಮುಂದಿನ ಸರಣಿಯಲ್ಲಿ ಅವನು ಹಾಗೆಯೇ ತಡೆದು ಆಡಿದ, ನೂರು ಹೊಡೆದ. ಕೀರ್ತಿ ಮಾತ್ರ ದುಪ್ಪಟಿಗೆ ಹೋಯಿತು.

ಹೋದ ತಿಂಗಳು ಅತ್ತೆಗೆ ದಾವಣಗೆರೆಯಲ್ಲಿ ಹೃದಯದ ಆಪರೇಷನ್. ನಾವೆಲ್ಲ ಥಿಯೇಟರಿನ ಬಾಗಿಲನ್ನೇ ನೋಡುತ್ತ ಕೂತಿದ್ದರೆ, ಮಾವ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದರು. ನನಗೆ ನಗು ಬರಲಿಲ್ಲ. ಅಷ್ಟೊಂದು ಭಯವನ್ನು ನಾನು ಯಾರ ಬೆನ್ನಿನಲ್ಲೂ ಕಂಡಿರಲಿಲ್ಲ.

"ಬಾಗ್ಲು ತೆಗೆದ್ರೇನೋ?"

"ಇಲ್ಲ ಮಾವ."

"ನಾನು ತಿರುಗಲ್ಲ. ನೀನೇ ನೋಡಿ ಹೇಳು."

ಎಲ್ಲ ಸುಸೂತ್ರವಾಯಿತೆಂದು ಡಾಕ್ಟರೇ ಬಂದು ಹೇಳಿದರೂ ಅವರು ತಿರುಗಲಿಲ್ಲ. ಮರುದಿನ ಅತ್ತೆಗೆ ಎಚ್ಚರವಾದಾಗ, ಮಂಚದವರೆಗೂ ಹಿಮ್ಮುಖವಾಗಿಯೇ ನಡೆದು ಹೋದರು. ನರ್ಸಮ್ಮ ದಂಗಾಗಿ ನಿಂತರು.

"ಈ ಕಡೆ ತಿರುಗ್ರಿ," ಎಂದರು ಅತ್ತೆ ಸಣ್ಣ ದನಿಯಲ್ಲಿ. "ನೀವು ನೋಡಿದ್ರೆ ನಾನೇನ್ ಔಟಾಗಲ್ಲ."

ಮಾವ ತಿರುಗಿದರು. ಕಣ್ಣು ಮುಚ್ಚಿಯೇ ಇತ್ತು. ತಡವರಿಸಿ ಅತ್ತೆಯ ಕೈ ಹುಡುಕಿ, ಗಟ್ಟಿಯಾಗಿ ಹಿಡಿದುಕೊಂಡ ಮೇಲೆಯೇ ತೆರೆದರು.