ಮಾಮಾ ಕೆಡಿಸಿದ ತಂಬೂರಿ

ಜಮಖಂಡಿಯಲ್ಲಿ ಪೊಲೀಸರಿಗೆ ಗೊತ್ತಿದ್ದೂ ಹಿಡಿಯದೆ ಬಿಟ್ಟ ಒಬ್ಬನೇ ಕಳ್ಳನೆಂದರೆ ನಮ್ಮ ಮಾಮಾ! ಅವರು ಕದಿಯುವುದು ನೂಲು. ಅದೂ ಮೈಮೇಲಿನ ಬಟ್ಟೆಯಿಂದ. ಇದನ್ನು ಬರೆದದ್ದಕ್ಕೆ ಅವ್ವನಿಂದ ಬೈಗುಳ ಖಂಡಿತ. ಎಷ್ಟಾದರೂ ಅವಳ ತಮ್ಮನಲ್ಲವೇ?

ಮಾಮಾನ ಕಸುಬು ಹಳೆಯ ತಂಬೂರಿ, ಸಿತಾರುಗಳ ರಿಪೇರಿ. ತಂಬೂರಿಯ ಬುರುಡೆಯ ಮೇಲೆ ತಂತಿಗಳನ್ನು ಹೊರುವ ಕುದುರೆ ಇರುತ್ತದಲ್ಲ, ಅಲ್ಲಿ ಪ್ರತಿ ತಂತಿಯ ಕೆಳಗೂ ಒಂದೆಳೆ ನೂಲು ಇಡಬೇಕು. ಅದು ಸರಿಯಾಗಿ ಕೂತರೆ ನಾದ ತುಂಬಿ ಬರುತ್ತದೆ. ಅಂಗಡಿಯ ನೂಲು ನಡೆಯುವುದಿಲ್ಲವೇ? ಉಳಿದವರಿಗೆ ನಡೆಯುತ್ತದೆ. ಮಾಮಾನಿಗೆ ಮಾತ್ರ ಒಗೆದು ಒಗೆದು ಮೆತ್ತಗಾದ ಕೈಮಗ್ಗದ ಎಳೆಯೇ ಬೇಕು.

ಬನಹಟ್ಟಿಯಲ್ಲಿ ನಮ್ಮ ಅಣ್ಣನ ಮದುವೆ. ಅಕ್ಷತೆ ಬೀಳುವ ಹೊತ್ತಿಗೆ ಬೀಗರು ಎರಡೂ ಕೈಯಿಂದ ಧೋತರ ಹಿಡಿದುಕೊಂಡು ಗರಕ್ಕನೆ ತಿರುಗಿದರು. ಹಿಂದೆ ಮಾಮಾ!

“ಏನ್ ಮಾಡಾಕತ್ತೀರಿ?”

“ಏನಿಲ್ರಿ ಬೀಗರ, ಒಂದ ಎಳಿ. ತಂಬೂರಿಗೆ ಬೇಕಾಗಿತ್ತು.”

“ತಂಬೂರಿಗೂ ಧೋತರ ಉಡಸ್ತೀರೇನು?”

ಅಂದಿನಿಂದ ಯಾವ ಮದುವೆಗೆ ಹೋದರೂ ಮಾಮಾನ ಹೆಂಡತಿ, ನಮ್ಮ ಅತ್ತಿ, ಗಂಡನ ಕೈಯನ್ನು ಬಿಡುವುದೇ ಇಲ್ಲ. ಈ ವಯಸ್ಸಿನಲ್ಲೂ ಎಂಥ ಪ್ರೀತಿ ಎಂದು ಊರವರು ಮಾತಾಡಿಕೊಳ್ಳುತ್ತಾರೆ.

ರಿಪೇರಿಗೆ ಕೊಟ್ಟ ವಾದ್ಯ ವಾಪಸು ಸಿಗುವುದೂ ಅಷ್ಟರಲ್ಲೇ ಇದೆ. “ಇನ್ನೂ ಒಂದೀಟು ಗರ್ ಅಂತೈತ್ರಿ” ಎಂದು ಇಟ್ಟುಕೊಂಡೇ ಬಿಡುತ್ತಾರೆ. ಮುಧೋಳದ ಮಾಸ್ತರರೊಬ್ಬರ ಸಿತಾರು ಕೈಗೆ ಬರುವಷ್ಟರಲ್ಲಿ ಅವರು ರಿಟಾಯರೇ ಆಗಿದ್ದರು. “ಛಲೋ ಆತು ಬಿಡ್ರಿ, ಇನ್ನ ಬಾರಸಾಕ ಟೈಮ್ ಸಿಕ್ತು” ಎಂದರು ಮಾಮಾ.

ಇಂಥ ಮಾಮಾನ ಹತ್ತಿರ ಬೀಳಗಿ ಕಡೆಯ ಒಬ್ಬ ಮುದುಕಿ ಬಂದಳು. ಆಣೆಕಟ್ಟಿನ ಹಿನ್ನೀರಿಗೆ ಊರು ಮುಳುಗುತ್ತದೆಂದು ಸಾಮಾನು ಸಾಗಿಸುವಾಗ ಅವಳ ತೀರಿಹೋದ ಗಂಡನ ಭಜನೆಯ ತಂಬೂರಿ ಲಾರಿಯಿಂದ ಬಿದ್ದು ಒಡೆದಿತ್ತು. ಮಾಮಾ ಚೂರುಗಳನ್ನೆಲ್ಲ ಕೂಡಿಸಿದರು. ಎಲ್ಲಿ ಒಡೆದಿತ್ತೆಂದು ಬೆರಳಾಡಿಸಿದರೂ ತಿಳಿಯದು. ಎಂದೂ ಇಲ್ಲದೆ ತಾವೇ ಹೇಳಿಕಳಿಸಿದರು, ಬಂದು ಒಯ್ಯಿರಿ ಎಂದು. ಅತ್ತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಮಾಮಾ ಮೀಟಿದ್ದನ್ನು ಮುದುಕಿ ಕೂತು ಕೇಳಿದಳು. “ಛಲೋ ಐತಪಾ. ಆದ್ರ ಇದು ನಮ್ಮನಿಯವರದಲ್ಲ.”

ಮಾಮಾ ತಂತಿ ಬದಲಿಸಿದರು, ಎಳೆ ಬದಲಿಸಿದರು, ಶ್ರುತಿ ಇಳಿಸಿದರು. ಅವಳು ಸಂತೆಗೆ ಬಂದಾಗಲೆಲ್ಲ ಕೇಳಿ, ತಲೆಯಾಡಿಸಿ ಹೋಗುತ್ತಿದ್ದಳು.

“ಊರು ನೀರಾಗ ಹೋತು, ಮನಿ ಹೋತು. ಅವರದು ಅಂತ ಇದರ ದನಿ ಒಂದ ಉಳದಿತ್ತು” ಎಂದಳು ಒಮ್ಮೆ.

ಮಾಮಾ ಊಟದ ತಟ್ಟೆ ಬಿಟ್ಟೆದ್ದು ಹೋಗಿ ಆ ತಂಬೂರಿಯ ಬುರುಡೆಗೆ ಕಿವಿ ಹಚ್ಚತೊಡಗಿದರು. ಅವರನ್ನು ಚೇಷ್ಟೆ ಮಾಡಲು ನನಗೂ ಮನಸ್ಸು ಬರಲಿಲ್ಲ. ಮುಂದಿನ ಸಂತೆಯ ದಿನ ಅವರೇ ಕೇಳಿದರು:

“ಯವ್ವಾ, ಅವರು ಬಾರಸೂವಾಗ ಬುರುಡಿಯೊಳಗ ಏನರ ಸಪ್ಪಳ ಬರತಿತ್ತೇನು?”

“ಬರತಿತ್ತಪಾ. ಮೊದಲಿಂದೂ ಒಂದು ಸೀಳು ಇತ್ತು. ಸಣ್ಣಾಗಿ ಗರ್ ಅಂತಿತ್ತು. ರಿಪೇರಿ ಮಾಡಸ್ರಿ ಅಂದ್ರ, ಇರಲಿ ಬಿಡು ಅಂತಿದ್ರು.”

ಲಾರಿಯಿಂದ ಬಿದ್ದು ಆದ ಸೀಳುಗಳ ಜೊತೆಗೆ ಮಾಮಾ ಆ ಹಳೆಯ ಸೀಳನ್ನೂ ಮುಚ್ಚಿಬಿಟ್ಟಿದ್ದರು! ಅದು ಎಲ್ಲಿತ್ತೆಂದು ಅವಳೇ ಬೆರಳಿಟ್ಟು ತೋರಿಸಿದಳು. ಮಾಮಾ ಬಿಸಿನೀರಿನ ಬಟ್ಟೆಯಿಟ್ಟು ಅಂಟು ಮೆತ್ತಗೆ ಮಾಡಿದರು. ತೆಳ್ಳನೆಯ ಅಲಗು ತೂರಿಸಿ, ತಮ್ಮದೇ ಕೆಲಸವನ್ನು ಬಿಡಿಸಿದರು. ಜೀವಮಾನವೆಲ್ಲ ಯಾವ ಸಪ್ಪಳವನ್ನು ಓಡಿಸಿದರೋ ಅದನ್ನೇ ಕರೆದು ಕೂರಿಸಬೇಕಾಗಿತ್ತು.

ತಂತಿ ಮೀಟಿದರು. ನಾದದ ಬಾಲಕ್ಕೆ ಸಣ್ಣಗೆ ಗರ್ ಎಂದಿತು.

ಮುದುಕಿ ಬೇಗಬೇಗ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು, ಗೋಡೆಗೆ ಆನಿಸಿದ್ದ ಬೆನ್ನನ್ನು ಎತ್ತಿ ನೆಟ್ಟಗೆ ಕೂತಳು.

“ಬಂದ್ರು” ಎಂದಳು.