ರಾಣಿ ಬಾಗಿನಲ್ಲಿ ನಾನು ಕಂಡುಹಿಡಿದ ನೆಲ್ಲಿ

ಗಿಡಮರಗಳ ವಿಷಯದಲ್ಲಿ ನನಗೆ ಸಂದೇಹವೆಂಬುದು ಎಂದೂ ಬಂದದ್ದಿಲ್ಲ. ಸ್ವಲ್ಪ ತಿಳಿದಿದ್ದರೆ ಬರುತ್ತಿತ್ತೋ ಏನೋ.

ಐವತ್ತರ ದಶಕದ ಮಾತು. ನಾನೂ ನನ್ನ ಹೆಂಡತಿ ವತ್ಸಲಾಳೂ ಮುಂಬಯಿಯ ಸಯನ್ನಿನಲ್ಲಿ ಎರಡು ಖೋಲಿಯ ಮನೆಯಲ್ಲಿದ್ದೆವು. ಧಾರವಾಡ ಆಗಿನ್ನೂ ಮುಂಬಯಿ ರಾಜ್ಯದಲ್ಲೇ ಇತ್ತು. ಆದರೂ ಅಲ್ಲಿಂದ ಮೊದಲ ಸಲ ಬಂದಿದ್ದ ನನ್ನ ಅವ್ವನಿಗೆ ಮುಂಬಯಿ ಎಂದರೆ ಪರದೇಶವೇ. ಅಷ್ಟರಲ್ಲಿ ಕಾರ್ತಿಕ ಮಾಸ ಬಂತು. ಕಾರ್ತಿಕದಲ್ಲಿ ಒಂದು ದಿನ ನೆಲ್ಲಿ ಮರವನ್ನು ಪೂಜಿಸಿ, ಅದರ ನೆರಳಲ್ಲೇ ಉಣ್ಣುವ ವ್ರತವನ್ನು ಅವ್ವ ಮದುವೆಯಾದಾಗಿನಿಂದ ಒಂದು ವರ್ಷವೂ ಬಿಟ್ಟಿರಲಿಲ್ಲ. ಪೂಜೆಯಾಗುವವರೆಗೆ ತುತ್ತು ಮುಟ್ಟುತ್ತಿರಲಿಲ್ಲ.

"ಈ ಊರಾಗ ನೆಲ್ಲಿ ಎಲ್ಲಿ ಸಿಗಬೇಕಪಾ. ಈ ವರ್ಷ ತಪ್ಪಿತು ಅಂತ ಕಾಣ್ತದ" ಎಂದು ಅವ್ವ ಕಣ್ಣೊರೆಸಿಕೊಂಡಳು.

"ರಾಣಿ ಬಾಗ್ ಇರೋದು ಯಾತಕ್ಕ? ಇಂಗ್ಲಿಷರು ಜಗತ್ತಿನ ಗಿಡಾ ಎಲ್ಲಾ ತಂದು ಹಚ್ಚ್ಯಾರ. ಒಂದು ನೆಲ್ಲಿ ಇರಂಗಿಲ್ಲೇನು?" ಎಂದೆ.

"ನಿಮಗ ನೆಲ್ಲಿ ಗಿಡದ ಗುರುತು ಅದನ?" ವತ್ಸಲಾ ಕೇಳಿದಳು.

ನೆಲ್ಲಿಕಾಯಿಯನ್ನು ನಾನು ಕಂಡದ್ದೆಲ್ಲ ಉಪ್ಪಿನಕಾಯಿಯ ಭರಣಿಯಲ್ಲಿ ಎಂಬುದು ಅವಳಿಗೆ ಸಂಬಂಧಪಡದ ವಿಷಯ!

ಭಾನುವಾರ ಡಬ್ಬಿಗಳೊಂದಿಗೆ ಟ್ರಾಮ್ ಇಳಿದು, ಪ್ರಾಣಿಸಂಗ್ರಹಾಲಯವೂ ಇರುವ ಆ ತೋಟದೊಳಗೆ ಕಾಲಿಟ್ಟೆವು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಬೀದಿಯ ಗದ್ದಲ ಎಲ್ಲೋ ಕರಗಿಹೋಯಿತು. ಹಳೆಯ ಮರಗಳ ಸಂದಿಯಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಇಳಿದು ಅವ್ವನ ಸೀರೆಯ ಮೇಲೆ ಅಲುಗಾಡುತ್ತಿತ್ತು. ಕಣ್ಣಿಗೆ ಪೊರೆ ಬಂದಿದ್ದ ಅವ್ವನಿಗೆ ಎಲ್ಲವೂ ಹಸಿರು ಮಂಜಾಗಿ ಕಂಡಿರಬೇಕು. "ಕನಸಿನ್ಯಾಗ ನಡದಂಗ ಆಗ್ತದಲ್ಲೋ" ಎನ್ನುತ್ತ ಮೆಲ್ಲಗೆ ನಡೆದಳು. ನನಗೂ ಹಾಗೆಯೇ ಅನಿಸಿತು. ಅವ್ವನ ಕೈ ಹಿಡಿದು ಹಾಗೆ ನಡೆದು ಎಷ್ಟು ವರ್ಷವಾಗಿತ್ತೋ! ಮನಸ್ಸು ತುಂಬಿ ಬಂತು.

ಆ ತುಂಬಿದ ಮನಸ್ಸಿನಲ್ಲೇ ಸಣ್ಣೆಲೆಯ ದೊಡ್ಡ ಮರವೊಂದರ ಮುಂದೆ ನಿಂತು, "ಇದೇ ಆಮಲಕ ವೃಕ್ಷ" ಎಂದು ಘೋಷಿಸಿದೆ.

ವತ್ಸಲಾ ತಲೆಯೆತ್ತಿದಳು. "ಅಲ್ಲೆ ತಲವಾರಿನಂಗ ಜೋತಾಡ್ಲಿಕ್ಕತ್ತಾವಲ್ಲ, ಅವೇನ್ರಿ?"

"ಕಾಯಿ. ವಿಲಾಯಿತಿ ನೆಲ್ಲಿ ಹಂಗ ಉದ್ದ ಇರ್ತದ."

ಅವಳು ಡಬ್ಬಿಗಳನ್ನು ಕೆಳಗಿಟ್ಟಳು. ಅವ್ವ ಬೊಡ್ಡೆಯನ್ನು ಸವರಿದಳು, ಉದುರಿದ ಎಲೆಯೊಂದನ್ನು ಬೆರಳಲ್ಲಿ ಹೊಸೆದು ಮೂಸಿದಳು. "ನನ್ನ ಜಪ ಉಳದದ. ನೀ ಮೊದಲ ಉಣ್ಣಪಾ" ಎಂದಳು. "ನಾ ಅತ್ತಿಯವರ ಜೋಡಿ ಉಣ್ತೀನಿ" ಎಂದಳು ವತ್ಸಲಾ. ಇಬ್ಬರ ಭಕ್ತಿಯನ್ನೂ ಮೆಚ್ಚಿಕೊಂಡು ನಾನು ನಾಲ್ಕು ಹೋಳಿಗೆ, ಚಿತ್ರಾನ್ನ, ಮೊಸರುಬುತ್ತಿ ಮುಗಿಸಿದೆ. ಗಾಳಿ ತಣ್ಣಗೆ ಬೀಸುತ್ತಿತ್ತು, ಎಲ್ಲೋ ನವಿಲು ಕೂಗಿತು. ಕಣ್ಣು ತಾನಾಗಿ ಮುಚ್ಚಿತು.

ಎಚ್ಚರವಾದಾಗ ಅವ್ವನೂ ಇಲ್ಲ, ವತ್ಸಲಾಳೂ ಇಲ್ಲ!

ಕಣ್ಣು ಕಾಣದ ಮುದುಕಿ ಎತ್ತಲೋ ಹೋಗಿರಬೇಕು, ಹುಡುಕಲು ಹೋದ ಸೊಸೆಯೂ ದಾರಿ ತಪ್ಪಿರಬೇಕು. ಬರಿಗಾಲಲ್ಲಿ ಓಡಿದೆ. ಆನೆಯ ಹತ್ತಿರ ಕೇಳಿದೆ, ಕರಡಿಯ ಹತ್ತಿರ ಕೇಳಿದೆ. ಅಂದರೆ ಅಲ್ಲಿ ನಿಂತಿದ್ದ ಜನರನ್ನು. ಕೊನೆಗೆ ಪೈಪು ಹಿಡಿದು ನೀರು ಬಿಡುತ್ತಿದ್ದ ಮಾಳಿಯೊಬ್ಬನಿಗೆ ನನ್ನ ಹರಕು ಮರಾಠಿಯಲ್ಲಿ, ನೆಲ್ಲಿಯ ಕೆಳಗೆ ಕೂತಿದ್ದ ನನ್ನ ತಾಯಿ ಕಾಣಿಸುತ್ತಿಲ್ಲ ಎಂದು ಗೋಳಾಡಿದೆ.

"ಆವಳಾ? ಚಲಾ" ಎಂದು ನೆಲ್ಲಿಗೆ ಮರಾಠಿ ಹೆಸರು ಹೇಳಿ ಅವನು ನಡೆದ. ನಾನು ಬಂದ ದಿಕ್ಕಿಗೆ ತೀರ ವಿರುದ್ಧವಾಗಿ ನಡೆದ! ಅದಲ್ಲ, ಆ ಕಡೆ ಎಂದು ನಾನು ತೋರಿಸಿದರೆ ಕೇಳಬೇಕಲ್ಲ. ಬೇಲಿಯ ಆಚೆ, ಹಸಿರು ಗೋಲಿಗಳಂಥ ಕಾಯಿ ಬಿಟ್ಟ ಮರದ ಬುಡದಲ್ಲಿ ಅರಿಸಿನ ಕುಂಕುಮ ಏರಿತ್ತು. ಅದರ ಕೆಳಗೆ ಅತ್ತೆ ಸೊಸೆ ಎದುರುಬದುರು ಕೂತು ಆ ದಿನದ ಮೊದಲ ತುತ್ತು ಬಾಯಿಗಿಡುತ್ತಿದ್ದರು.

"ಗೊತ್ತಿದ್ದರ ಆವಾಗ ಹೇಳಬಾರದೇನವ್ವಾ?"

"ಹೆಂಡತಿ ಮುಂದ ಅಷ್ಟು ಗತ್ತಿನಿಂದ ಹೇಳಿದಿ. ಹೆಂಗ ಅಲ್ಲ ಅನ್ನಲಿ?" ಎಂದಳು ಅವ್ವ.

"ಅತ್ತಿಯವರ ಮುಂದ ನಾನರ ಹೆಂಗ ಅನ್ನಲಿ? ನೀವು ಗೊರಕಿ ಹೊಡದ ಮ್ಯಾಲೆ ಒಬ್ಬರ ಮಾರಿ ಒಬ್ಬರು ನೋಡಿದ್ವಿ, ಎದ್ದು ಖರೇ ನೆಲ್ಲಿ ಹುಡುಕಿಕೊಂಡು ಬಂದ್ವಿ" ಎಂದಳು ವತ್ಸಲಾ.

ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನ ಮರ್ಯಾದೆ ಉಳಿಸಲು ಇಬ್ಬರು ಹೆಂಗಸರು ಮಧ್ಯಾಹ್ನದವರೆಗೆ ಉಪವಾಸವಿದ್ದರು. ಆ ಮರ್ಯಾದೆ ಗುಲ್‌ಮೊಹರಿನ ಕೆಳಗೆ ಗೊರಕೆ ಹೊಡೆಯುತ್ತಿತ್ತು.

ಅವ್ವ ಕೆಳಗೆ ಬಿದ್ದಿದ್ದ ಕಾಯಿಯೊಂದನ್ನು ಸೆರಗಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟಳು.

"ಸರಿಯಾಗಿ ನೋಡಿಕೋಪಾ. ಇದಕ್ಕ ನೆಲ್ಲಿಕಾಯಿ ಅಂತಾರ."